ನಲವತ್ತಮೂರನೆಯ ಪುಟ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದುಗಡೆ
ನನ್ನ ಡಿಟಿಪಿ ಅಂಗಡಿ. ಮದುವೆ ಪತ್ರ, ಕರಾರು ಪತ್ರ,
ಒಮ್ಮೊಮ್ಮೆ ಇಂಥದೂ:
ಶಮೀಮ್ ತಾಜಳ ಪ್ರಬಂಧ,
ರೇಷ್ಮೆ ಎಳೆಯ ದಪ್ಪ ಎಲ್ಲಿ, ಯಾಕೆ ಏರುಪೇರಾಗುತ್ತದೆ ಎಂದು
ಇನ್ನೂರಾ ಹನ್ನೊಂದು ಪುಟ, ಕನ್ನಡದಲ್ಲೇ.

ನಾಳೆ ಸಲ್ಲಿಸಬೇಕು. ರಾತ್ರಿ ಹತ್ತು.
ಮಗಳನ್ನು ಕರೆದೊಯ್ಯಲು ಬಂದ ಬಷೀರ್ ಸಾಬರು
ಸ್ಟೂಲಿನ ಮೇಲೆ. ಮೂವತ್ತು ವರ್ಷ ಬಿಸಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳು, ಬಿಳಿಚಿ, ಸುಕ್ಕು.
ಅವರು ಓದುವುದು ಉರ್ದು. ಕನ್ನಡ ಬಾಯಲ್ಲಿ ಮಾತ್ರ.
ಸುಮ್ಮನೆ ಹಾಳೆ ತಿರುವುತ್ತಾ ತಿರುವುತ್ತಾ
ನಲವತ್ತಮೂರರಲ್ಲಿ ನಿಂತರು.
"ಇಲ್ಲಿ ಎಳೆ ಬದ್ಲಾಗಿದೆ ಬೇಟಾ."

ನಕ್ಷೆ ಮೂರು.
ಹದಿನೈದು ದಿನ ನಾನು ನೋಡಿಯೂ ನೋಡದ್ದು.
ಮೇಲೆ ಪಠ್ಯ: ತಲೆಕಟ್ಟು ದಪ್ಪ, ಬಾಗುವಲ್ಲಿ ತೆಳು, ಹೊಟ್ಟೆ ತುಂಬಿದ ಅಕ್ಷರ.
ನಕ್ಷೆಯೊಳಗೆ ಬೇರೆ ಯಾರೋ,
ಒಂದೇ ತಂತಿ ಬಗ್ಗಿಸಿದ ಹಾಗೆ, ಇರುವೆ ಗಾತ್ರ.
ಪುಟಕ್ಕೆ ಹಿಡಿಸಲೆಂದು ಅರ್ಧಕ್ಕೆ ಕುಗ್ಗಿಸಿದ್ದೆ,
ಚಿತ್ರದ ಜೊತೆ ಮಾತೂ ಕುಗ್ಗಿತ್ತು.
ಪಠ್ಯದಲ್ಲಿ ೨೨ ಡೆನಿಯರ್, ನಕ್ಷೆಯಲ್ಲಿ 22.
'ದಪ್ಪ'ದ ಒತ್ತು ಕಳಚಿ ಪಕ್ಕಕ್ಕೆ ಬಿದ್ದು
ದಪ್ ಪ, ದಪ್ ಪ ಎಂದು ಬಿಕ್ಕುತ್ತಿತ್ತು.

ಶಮೀಮ್ ತಲೆ ಮೇಲೆ ಕೈ ಹೊತ್ತಳು. ಮೂವತ್ತೆಂಟು ನಕ್ಷೆ.
"ಬಿಡಿ ಸರ್, ಯಾರು ನೋಡ್ತಾರೆ?"
ಸಾಬರೆಂದರು: "ಸೀರೆ ಉಡೋರೂ ಎಳೆ ನೋಡಲ್ಲ.
ಮಗ್ಗ ನೋಡುತ್ತೆ. ನಿಂತುಬಿಡುತ್ತೆ."

ಕೂತೆವು.
ಪುಟದಲ್ಲಿ ಎಷ್ಟು ಅಗಲವೋ ಅಷ್ಟೇ ಅಗಲಕ್ಕೆ
ಪ್ರತಿ ನಕ್ಷೆಯನ್ನೂ ಮೊದಲಿನಿಂದ ಎಳೆದೆವು.
ಅದೇ ಫಾಂಟ್, ಪಠ್ಯಕ್ಕಿಂತ ಒಂದೇ ಪಾಯಿಂಟ್ ಕಿರಿದು,
ಗೆರೆಯ ದಪ್ಪ ಅಕ್ಷರದ ಮೈಯಷ್ಟು.
ಒತ್ತುಗಳು ಒಂದೊಂದಾಗಿ
ತಮ್ಮ ತಮ್ಮ ಅಕ್ಷರದಡಿ ಹೋಗಿ ಕೂತವು,
ಕತ್ತಲಾದಾಗ ಹೇಂಟೆಯ ಕೆಳಗೆ ಮರಿಗಳಂತೆ.
ನಡುವೆ ಕರೆಂಟು ಹೋಯಿತು, ಅದರ ಜೊತೆ ಆರು ನಕ್ಷೆ.
ಮತ್ತೆ ಎಳೆದೆವು. ಎರಡು ಸಲ ಚಹಾ.

ಮೂರು ಗಂಟೆಗೆ ಕೊನೆಯದು, ಮೂವತ್ತೆಂಟು:
ಸಾಬರ ಹಳೆಯ ಲೆಕ್ಕದ ಪುಸ್ತಕ, ಒಂದು ಹಾಳೆಯ ಫೋಟೊ.
ಬಲದಿಂದ ಎಡಕ್ಕೆ ಉರ್ದು, ನೀರು ಬಿದ್ದು ಹರಡಿದ ಶಾಯಿ,
ದಿನದಿನದ ತೂಕ, ತುಂಡಾದ ಎಳೆಗಳ ಎಣಿಕೆ.
ಇಡೀ ರಾತ್ರಿಯ ಅಭ್ಯಾಸಕ್ಕೆ ಕೈ ತಾನೇ ಮುಂದಾಯಿತು:
"ಇದನ್ನೂ ಟೈಪ್ ಮಾಡಿಬಿಡಲಾ?"

ಇಬ್ಬರೂ ಮಾತಾಡಲಿಲ್ಲ.
ಅಂಚು ಸಹ ಕತ್ತರಿಸದೆ ಹಾಗೇ ಇಟ್ಟೆ.
ಅಡಿಬರಹವೊಂದು ಮಾತ್ರ ನಮ್ಮ ಅಕ್ಷರದಲ್ಲಿ:
ನೂಲು ಬಿಚ್ಚಾಣಿಕೆದಾರರ ಕೈಬರಹ.
ಪ್ರಮಾಣ: ಇದ್ದಷ್ಟೇ.