ಸಾಕ್ಷಿಗೆ ಬಾರದವರು

ಮುಸಫ್ಫಾ, ಎಂ ಹದಿನೇಳು. ಟೈರಂಗಡಿಯ ಮೇಲೆ
ನಮ್ಮ ಕ್ಲಿನಿಕ್ಕು. ರಾತ್ರಿ ಪಾಳಿ.
ಎ.ಸಿ. ನೀರು ಬಕೆಟ್ಟಿಗೆ ತೊಟ್ಟಿಕ್ಕುವುದು ಬಿಟ್ಟರೆ
ಎಣಿಸಲು ಬೇರೆ ನಾಡಿ ಇರಲಿಲ್ಲ,
ಮುಗರೂರ ಬರುವ ತನಕ.

ಉಗಾಂಡದವನು, ಗೋದಾಮಿನ ಗೇಟು ಕಾಯುವವನು.
ಹನ್ನೆರಡು ತಾಸು ನಿಂತು ಬಂದವನು ಎದೆಯ ಎಡಕ್ಕೆ ಬೆರಳೂರಿ
‘ಇಲ್ಲಿ ಸಿಸ್ಟರ್, ಇಲ್ಲಿ ಯಾರೋ ಕೂತಿದ್ದಾರೆ’ ಅಂದ.
ಹತ್ತು ತಂತಿ ಅಂಟಿಸಿದೆ. ಕಾಗದ ಹರಿದು ಬಂತು.
ಬೀದರಿನ ಕೋಟೆಯ ತೆನೆಗಳ ಹಾಗೆ ಗೆರೆ,
ಒಂದೇ ಅಳತೆ, ಒಂದೇ ಅಂತರ.
‘ಹೃದಯವಲ್ಲ, ಪಕ್ಕೆಲುಬಿನ ಕೀಲು’ ಅಂದರು ಡಾಕ್ಟರ್ ಹಿಶಾಮ್.

ಅವನು ನಕ್ಕ. ಜೇಬಿನಿಂದ ಮಡಚಿದ ಪ್ಲಾಸ್ಟಿಕ್ಕು,
ಅದರೊಳಗೆ ತೊಗಟೆ, ದಾಲ್ಚಿನ್ನಿಗಿಂತ ದಪ್ಪ.
‘ನಿನ್ನೆಯಿಂದ ಅಗಿಯುತ್ತಿದ್ದೇನೆ.
ಅದಕ್ಕೇ ಹೃದಯದ ತನಕ ಹೋಗಲಿಲ್ಲ.’

ಇಂಥ ಮಾತಿಗೆ ಏನನ್ನುವುದು?
ಔಷಧಿ ಕಂಪನಿ ಕೊಟ್ಟ ಹಳೆಯ ವಹಿ ತೆಗೆದೆ,
ನಡುವೆ ಒಂದು ಗೆರೆ ಎಳೆದೆ.
ಹೇಳು, ಯಾರು ತಿಂದರು, ಯಾರಿಗೆ ಹೋಯಿತು?
ಅಜ್ಜಿ. ಅಜ್ಜಿಯ ತಂಗಿ. ಗುಡ್ಡದಾಚೆಯ ಪಾದ್ರಿ.
ಬಾಳೆಗೊನೆ ಹೇರಿ ಸೈಕಲ್ಲು ತಳ್ಳುವ ಅಣ್ಣ.
ಎಡಗಡೆ ಹದಿನಾಲ್ಕು ಹೆಸರು; ಕಾಗುಣಿತ ನನ್ನದು.
‘ತಿಂದೂ ಸತ್ತವರು?’
ಎಣಿಸುತ್ತಿದ್ದ ಬೆರಳು ಗಾಳಿಯಲ್ಲೇ ನಿಂತಿತು.
‘ಸತ್ತವರು ಬಂದು ಔಷಧಿಯ ಸುದ್ದಿ ಹೇಳುವುದಿಲ್ಲವಲ್ಲ.’
ತಮಾಷೆಗೆ ಅಂದನೋ, ಗೊತ್ತಾಗಲಿಲ್ಲ.

ಹಿಶಾಮ್ ಫೋನಿನಲ್ಲಿ ಹುಡುಕಿ ತೋರಿಸಿದರು:
ಗಾಜಿನ ತಟ್ಟೆಯಲ್ಲಿ ಕೀಟಾಣು ಸತ್ತಿವೆ,
ಇಲಿಗಳ ಊತ ಇಳಿದಿದೆ,
ಎದೆನೋವಿನ ಮನುಷ್ಯ ಒಬ್ಬನೂ ಇಲ್ಲ.
‘ಇಲ್ಲ ಅಂದರೆ ಸುಳ್ಳು ಅಂತಲ್ಲ,’ ಚಹಾ ಊದುತ್ತ ಅಂದರು,
‘ಯಾರೂ ಕೇಳಿ ನೋಡಿಲ್ಲ ಅಂತ. ಕೇಳುವುದಕ್ಕೂ ದುಡ್ಡು ಬೇಕು.’

ನಾನೂ ಒಂದು ಚೂರು ಅಗಿದೆ.
ಮೆಣಸಿಗಿಂತ ಖಾರ, ಕಣ್ಣಲ್ಲಿ ನೀರು.
ಇಷ್ಟು ಉರಿದರೆ ಯಾವ ನೋವಾದರೂ ಎದ್ದು ಜಾಗ ಬಿಟ್ಟೀತು
ಅನ್ನಿಸಿತು, ನಿಜ ಹೇಳುತ್ತೇನೆ.

ಇಪ್ಪತ್ತು ದಿನದ ಮೇಲೆ, ನಸುಕಿನ ಮೂರಕ್ಕೆ,
ಅದೇ ಮುಗರೂರ, ಹೆಗಲಿಗೆ ಆತುಕೊಂಡ ರೂಮಿನವ ಕಟೆರೆಗ್ಗ.
ಬೆವರು ಅಂಗಿಯನ್ನು ಮೈಗೇ ಹೊಲಿದಿತ್ತು.
ಬಾಯಲ್ಲಿ ತೊಗಟೆ. ಬೆರಳು ಹಾಕಿ ತೆಗೆದೆ,
ಆಸ್ಪಿರಿನ್ ಇಟ್ಟು ‘ಇದನ್ನು ಅಗಿ’ ಅಂದೆ.
ಈ ಸಲ ತೆನೆಗಳಿಲ್ಲ. ಅಷ್ಟೂರಿನ ಗೋರಿಗುಮ್ಮಟಗಳು
ಕಾಗದದುದ್ದಕ್ಕೂ ಸಾಲಾಗಿ ಎದ್ದವು.
ಆಂಬುಲೆನ್ಸಿಗೆ ಹನ್ನೊಂದು ನಿಮಿಷ.

ಬದುಕಿದ. ಸ್ಟೆಂಟು ಹಾಕಿದರು.
‘ನೋಡಿದಿರಾ, ಆಸ್ಪತ್ರೆಯ ತನಕ ತೊಗಟೆ ಹಿಡಿದಿಟ್ಟಿತು.’
‘ನೋಡು, ತೊಗಟೆ ಅಗಿಯುತ್ತ ಒಂದು ತಾಸು ಕಳೆದರು.’
ಒಂದೇ ಜೀವ, ಎರಡು ಕಡೆಗೂ ವಕೀಲರು.
ಹದಿನೈದನೆಯ ಹೆಸರನ್ನು ನಡುಗೆರೆಯ ಮೇಲೇ ಬರೆದೆ.

ಬಲಗಡೆ ಇನ್ನೂ ಖಾಲಿ.

ಹುಮನಾಬಾದು, ಮಿಷನ್ ಕಾಂಪೌಂಡು.
ಅಪ್ಪ ಎದೆ ತಿಕ್ಕಿಕೊಂಡು ಕೂತ ರಾತ್ರಿ
ಅವ್ವ ಅಜವಾನ ಹುರಿದು ಉಪ್ಪು ಬೆರೆಸಿ ಕೊಟ್ಟಳು.
ಗ್ಯಾಸು ಅಂತ ಮನೆಮಂದಿ ಸೇರಿ ಹೆಸರಿಟ್ಟೆವು.
ತೇಗು ಬಂತು. ಹಗುರಾಯಿತು ಅಂದ. ಮಲಗಿದ.
ಆಗ ನಾನು ನರ್ಸಿಂಗ್ ಎರಡನೇ ವರ್ಷ.
ಈಗಲೂ ಓಣಿಯಲ್ಲಿ ಯಾರಿಗೆ ಎದೆ ಹಿಡಿದರೂ
ಅವ್ವ ಅದೇ ಪುಡಿ ಒಯ್ಯುತ್ತಾಳೆ.
ಬಹಳ ಜನಕ್ಕೆ ಹೋಗುತ್ತದೆ ಕೂಡ.

ಬರೆದೆ: ಇಮ್ಮಾನುಯೇಲ ಝರೆಪ್ಪ, ಐವತ್ತೆರಡು, ಅಜವಾನ.

ಔಷಧಿ ಚೀಟಿಗೆ ಬಂದಿದ್ದ ಮುಗರೂರ ಬಗ್ಗಿ ನೋಡಿದ.
‘ಇದು ನಮ್ಮ ಕಡೆಯ ಹೆಸರಲ್ಲವಲ್ಲ?’
ಅಲ್ಲ ಅಂದೆ.
ಹೊರಗೆ ಟ್ರೇಲರೊಂದು ಹಿಂದಕ್ಕೆ ಸರಿಯುತ್ತ ಕೂಗಿಕೊಳ್ಳುತ್ತಿತ್ತು.
ಅದು ನಿಲ್ಲುವ ತನಕ ಸುಮ್ಮನಿದ್ದು
‘ಬರೆದುಕೊಳ್ಳಿ,’ ಅಂದ,
‘ಅಜ್ಜಿಯ ತಂಗಿಯ ಗಂಡ. ಮೂರು ದಿನ ಅಗಿದಿದ್ದ.’
ಹೆಸರು ಕೇಳಿದೆ.
ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.