ಇಸ್ತ್ರಿ ಅಂಗಡಿಯ ರಟ್ಟು

ಫರ್ವಾನಿಯಾದ ಇಸ್ತ್ರಿ ಅಂಗಡಿ, ಗೋಡೆಗೆ ಅಂಟಿಸಿದ ರಟ್ಟು.
ಬಲದಿಂದ ಅರಬಿ ಬರುತ್ತದೆ, ಎಡದಿಂದ ನನ್ನ ಕನ್ನಡ;
ನಡುವೆ ದರ, ಇಬ್ಬರಿಗೂ ದಾರಿ ಬಿಡದೆ.

ದಿಶ್ದಾಶಾ ಅಂದರೆ ನಿಲುವಂಗಿ.
ಶರ್ಶಫ್, ಮೇಲುಹಾಸು.
ಕಮೀಸ್‌ಗೆ ಕಮೀಸು ಅಂದರೇ ಸಾಕಿತ್ತು, ಅಜ್ಜ ಅನ್ನುತ್ತಿದ್ದ;
ಆದರೂ ‘ಅಂಗಿ’ ಎಂದು ಬರೆದೆ, ದಪ್ಪಕ್ಕೆ, ಜಂಬಕ್ಕೆ.
ಬಿಶ್ತ್‌ನ ಎದುರು ಎರಡು ವರ್ಷದಿಂದ ಖಾಲಿ.

ಭೋಲಾ ದ್ವೀಪದ ಶೊಫಿಕುಲ್
ಯಾವ ಭಾಷೆಯ ಶಾಲೆಯನ್ನೂ ಹತ್ತಿದವನಲ್ಲ.
ಕಲಿತುಕೋ, ಗಿರಾಕಿ ಬಯ್ಯುತ್ತಾರೆ ಎಂದು
ಅರಬಿಯ ಮೇಲೆ ಬೆರಳಿಟ್ಟೆ.
ಅವನ ಕಣ್ಣು ಈಚೆ ಸಾಲಿಗೆ ಜಾರಿತು.
ದುಂಡಗಿವೆಯಂತೆ ಇವು,
ಉದುರಿದ ಗುಂಡಿಗಳ ಹಾಗೆ.

ಈಗ ಕುವೈತಿನ ಎಷ್ಟೋ ಕಾಲರಿನ ಒಳಗೆ
ಯಾರೂ ಓದದ ಕನ್ನಡ:
ಅಂಗಿ, ಅಂಗಿ, ಒಮ್ಮೊಮ್ಮೆ ಸೊನ್ನೆ ಮರೆತು ಅಗಿ.

ಶುಕ್ರವಾರ ಬಕಾಲಾದಲ್ಲಿ
ಊರಿನ ಚೀಲವೊಂದರ ಮುಂದೆ ನಿಂತುಬಿಟ್ಟ.
‘ಅ...’ ಅಂದ. ಹಣೆ ಒರೆಸಿಕೊಂಡ. ‘ಅಂಗಿ?’
ಅಲ್ಲ ಮಾರಾಯ, ಅಕ್ಕಿ.
ಅಕ್ಕಿ, ಅಕ್ಕಿ ಎಂದು ಬಾಯಲ್ಲೇ ಮಡಚಿಕೊಂಡು
ಅಂಗೈ ಚಾಚಿದ: ಬರಿ.

ನನ್ನ ಜೇಬಿನಲ್ಲಿ ಇದ್ದದ್ದು ಅಂಗಡಿಯ ಪೆನ್ನು,
ಎಷ್ಟು ಒಗೆದರೂ ಹೋಗದ್ದು.