ಎರಡು ಚಮಚ

ಅಗಳಿಯ ಕಡ್ಲೆಕಾಯಿ ಮಿಲ್ಲಿನಲ್ಲಿ
ಬೂಷ್ಟು ಹಿಡಿದ ಬೀಜ ಆರಿಸಿ ಎಸೆಯೋದು ನನ್ನ ಕೆಲಸ.
ಎಸೆದದ್ದರಲ್ಲೇ ಒಂದು ಸೇರು ಸಂಜೆ ನನ್ನ ಸೆರಗಿಗೆ,
ಬಾಣಂತಿ ಅಂತ ರೆಡ್ಡಿಯ ಧಾರಾಳ.
ಹುರಿದರೆ ಕಹಿ ಹೋಗುತ್ತೆ ಅಂದಳು ಅತ್ತೆ,
ಬೆಳ್ಳುಳ್ಳಿ ಹಾಕಿ ಅರೆದರೆ ಹಾಲಿಳಿಯುತ್ತೆ.
ಇಳಿಯಿತು.

ಹಿಂದೂಪುರದ ಹುಡುಗಿಯೊಬ್ಬಳು ಬಂದು
ಎರಡು ಚಮಚ ಹಾಲು ಕೇಳಿದಳು, ಸೀಸೆಗೆ.
ಗೋಡೆಗೆ ತಿರುಗಿ ಹಿಂಡಿ ಕೊಟ್ಟೆ.
ತಿಂಗಳಾದ ಮೇಲೆ ತಂದ ಕಾಗದ ತೆಲುಗಿನಲ್ಲಿತ್ತು.
ವಿಷ ಅನ್ನೋ ಮಾತು ಎರಡಕ್ಕೂ ಒಂದೇ.

ಡಬ್ಬಿ ಹಾಲು ತಂದೆ, ಮೂರು ದಿನದ ಕೂಲಿ.
ಅವತ್ತೇ ಕಂಡದ್ದು: ಮಿಲ್ಲಿನ ಹಿಂದೆ ಗಾಣ,
ನಾನೆಸೆದದ್ದೆಲ್ಲ ಹಿಂಡಿಯಾಗಿ ಲಾರಿ ಹತ್ತುತ್ತಿತ್ತು.
ಯಾರಿಗಣ್ಣಾ?
ಡೈರಿ ಹಸುಗಳಿಗೆ, ಸಣ್ಣೀರಮ್ಮ.

ಡಬ್ಬಿಯ ಮೇಲಿನ ಮಗು ನಗುತ್ತಿದೆ.
ನನ್ನದು ಅಳುತ್ತಿದೆ.
ಕುಪ್ಪಸದ ಗುಂಡಿಗೆ ಹೋದ ಕೈ
ಅಲ್ಲೇ ಇದೆ.